ಬೆಂಚಿಗೆ ಹೋದ ಮಗಳು, 53 ಪಾಯಿಂಟ್‌ನಿಂದ ಸೋತ ಏಸಸ್

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಧಾರವಾಡದ ಕಡೆಯವರು, ಪುಣೆಯ ಕೊಥ್ರೂಡ್‌ನಲ್ಲಿ ಇರುತ್ತೇವೆ. ಮಗಳಿಗೆ 15 ವರ್ಷ, ಶಾಲೆಗೂ ಒಂದು ಕ್ಲಬ್ಬಿಗೂ ಬ್ಯಾಸ್ಕೆಟ್‌ಬಾಲ್ ಆಡುತ್ತಾಳೆ. ಹೋದ ವರ್ಷ ಮೊದಲ ಐವರಲ್ಲಿ ಇದ್ದಳು. ಈ ವರ್ಷ ಕ್ಲಬ್ಬಿನ ಕೋಚ್ ಅವಳನ್ನು ಬೆಂಚಿಗೆ ಹಾಕಿದ್ದಾರೆ, ಆಟ ಶುರುವಾಗಿ ಸ್ವಲ್ಪ ಹೊತ್ತಾದ ಮೇಲೆ ಇಳಿಸುತ್ತಾರೆ. ಅವಳು ಮನೆಯಲ್ಲಿ ಮಾತೇ ಬಿಟ್ಟಿದ್ದಾಳೆ. ಅವರಪ್ಪ ಕೋಚ್ ಜೊತೆ ಜಗಳಕ್ಕೆ ಹೊರಟಿದ್ದಾರೆ. ಅವಳಿಗೆ ಅಮೆರಿಕದ ಲಾಸ್ ವೇಗಸ್ ಏಸಸ್ ತಂಡ ಅಂದ್ರೆ ಪ್ರಾಣ. 'ನೋಡು, ಅವರೂ 53 ಪಾಯಿಂಟ್‌ನಿಂದ ಸೋತು ಆಮೇಲೆ ಕಪ್ ಗೆದ್ದರಲ್ಲ' ಅಂದೆ. 'ಅವರಲ್ಲಿ ಏಜಾ ವಿಲ್ಸನ್ ಇದ್ದಾಳೆ, ನಮ್ಮಲ್ಲಿ ಯಾರಿದ್ದಾರೆ' ಅಂದಳು. ಆ ತಂಡ ನಿಜವಾಗಿ ಏನು ಮಾಡಿತು? ಬೆಂಚಿನಿಂದ ಬರುವವರಿಗೆ ಬೆಲೆ ಇದೆಯಾ? ಹುಡುಗಿಯರಿಗೆ ಈ ಆಟದಲ್ಲಿ ಮುಂದೆ ದಾರಿ ಇದೆಯಾ?

ಉತ್ತರ: ನಿಮ್ಮ ಮಗಳ ಮಾತಿನಿಂದಲೇ ಶುರು ಮಾಡುತ್ತೇನೆ. ಅವಳು ಹೇಳಿದ್ದು ಸುಳ್ಳಲ್ಲ. ಏಜಾ ವಿಲ್ಸನ್ ಅಂಥ ಆಟಗಾರ್ತಿ ಈಗ ಆ ಲೀಗ್‌ನಲ್ಲಿ ಇನ್ನೊಬ್ಬರಿಲ್ಲ. 2025ರಲ್ಲಿ ಅವರಿಗೆ ನಾಲ್ಕನೇ ಸಲ ಎಂವಿಪಿ, ಅಂದರೆ ಸೀಸನ್ನಿನ ಅತ್ಯುತ್ತಮ ಆಟಗಾರ್ತಿ ಪ್ರಶಸ್ತಿ, ಸಿಕ್ಕಿತು. ಅಮೆರಿಕದ ಮಹಿಳೆಯರ ಲೀಗ್ ಆದ ಡಬ್ಲ್ಯೂಎನ್‌ಬಿಎಯಲ್ಲಿ ಅಷ್ಟು ಸಲ ಅದನ್ನು ಗೆದ್ದವರು ಬೇರೆ ಯಾರೂ ಇಲ್ಲ. ಆದರೆ ಅವಳಿಗೆ ಒಂದು ಪ್ರಶ್ನೆ ಕೇಳಿ. 53 ಪಾಯಿಂಟ್‌ನಿಂದ ಸೋತ ದಿನ ವಿಲ್ಸನ್ ಎಲ್ಲಿದ್ದರು? ಕೋರ್ಟಿನಲ್ಲೇ ಇದ್ದರು. ಅದಕ್ಕೂ ಮುಂಚಿನ ಸೋಲುಗಳಲ್ಲೂ ಹೆಚ್ಚಿನವುಗಳಲ್ಲಿ ಅವರೇ ಇದ್ದರು. ಜೂನ್‌ನಲ್ಲಿ ತಲೆಗೆ ಪೆಟ್ಟಾಗಿ ಕೆಲವು ಪಂದ್ಯ ಹೊರಗಿದ್ದರು, ಅಷ್ಟೇ. ಅಂದರೆ ವಿಲ್ಸನ್ ಇದ್ದೂ ಆ ತಂಡ ಅರ್ಧ ಪಂದ್ಯ ಸೋಲುತ್ತಿತ್ತು, ವಿಲ್ಸನ್ ಇದ್ದೂ ಆಮೇಲೆ ಸೋಲುವುದನ್ನೇ ನಿಲ್ಲಿಸಿತು. ಹಾಗಾದರೆ ಬದಲಾಗಿದ್ದು ಬೇರೆ ಎಲ್ಲೋ ಇದೆ, ಅಲ್ವಾ? ಆ ಬೇರೆ ಏನು ಅಂತ ಹುಡುಕಿದರೆ ನಿಮ್ಮ ಮಗಳ ಬೆಂಚಿನ ಹತ್ತಿರಕ್ಕೇ ಬಂದು ನಿಲ್ಲುತ್ತೇವೆ.

2025ರ ಸೀಸನ್ ಹೇಗಿತ್ತು ಅಂತ ಸ್ವಲ್ಪ ಹೇಳಿಬಿಡುತ್ತೇನೆ, ನಿಮಗೂ ಅನುಕೂಲ. ಆ ವರ್ಷ 13 ತಂಡ, ಒಂದೊಂದು ತಂಡಕ್ಕೆ 44 ಪಂದ್ಯ. ಮೇ 16ಕ್ಕೆ ಶುರು, ಸೆಪ್ಟೆಂಬರ್ 11ಕ್ಕೆ ಮುಗಿಯಿತು. ಲೆಕ್ಕ ಹಾಕಿ, ನಾಲ್ಕು ತಿಂಗಳು ಕೂಡ ಪೂರ್ತಿ ಇಲ್ಲ. ಮೂರು ದಿನಕ್ಕೊಂದು ಪಂದ್ಯಕ್ಕಿಂತ ಜಾಸ್ತಿ, ನಡುವೆ ವಿಮಾನ ಪ್ರಯಾಣ, ಕೆಲವು ಸಲ ಇವತ್ತೊಂದು ನಾಳೆಯೊಂದು. ಅದು ಮುಗಿದ ಮೇಲೆ ಮೊದಲ ಎಂಟು ತಂಡ ಪ್ಲೇಆಫ್‌ಗೆ ಹೋಗುತ್ತವೆ. ಮೊದಲ ಸುತ್ತಿನಲ್ಲಿ ಹೆಚ್ಚೆಂದರೆ ಮೂರು ಪಂದ್ಯ, ಸೆಮಿಫೈನಲ್‌ನಲ್ಲಿ ಐದು, ಫೈನಲ್‌ನಲ್ಲಿ ಏಳು; ಅರ್ಧಕ್ಕಿಂತ ಹೆಚ್ಚು ಗೆದ್ದ ಕೂಡಲೇ ಆ ಸುತ್ತು ಮುಗಿಯುತ್ತದೆ. ಫೈನಲ್‌ಗೆ ಏಳು ಪಂದ್ಯ ಇಟ್ಟಿದ್ದು ಆ ವರ್ಷವೇ ಮೊದಲು.

ಏಸಸ್ 2022 ಮತ್ತು 2023ರಲ್ಲಿ ಸತತ ಎರಡು ಸಲ ಗೆದ್ದ ತಂಡ. 2025ಕ್ಕೆ ಬರುವಾಗ ಅದೇ ತಂಡ ಆಗಿರಲಿಲ್ಲ. ಕೆಲ್ಸೀ ಪ್ಲಮ್ ಲಾಸ್ ಏಂಜಲೀಸ್‌ಗೆ ಹೋದರು, ಅದೇ ಮೂರು ತಂಡಗಳ ಅದಲುಬದಲಿನಲ್ಲಿ ಸಿಯಾಟಲ್‌ನಿಂದ ಜುವೆಲ್ ಲಾಯ್ಡ್ ಬಂದರು. ಹೆಸರಿಗೆ ಹೆಸರು, ಪಾಯಿಂಟ್‌ಗೆ ಪಾಯಿಂಟ್ ಸರಿ ಹೋಯಿತು ಅಂತ ಎಲ್ಲರೂ ಅಂದುಕೊಂಡರು. ಕೋರ್ಟಿನಲ್ಲಿ ಸರಿ ಹೋಗಲಿಲ್ಲ. ತಂಡ ಒಂದು ಗೆಲ್ಲುವುದು ಒಂದು ಸೋಲುವುದು ಹೀಗೇ ನಡೆಯುತ್ತಿತ್ತು. ಆಗಸ್ಟ್ 2ರಂದು ತಮ್ಮದೇ ಊರಲ್ಲಿ, ತಮ್ಮದೇ ಜನರ ಮುಂದೆ ಮಿನೆಸೋಟಾ ಲಿಂಕ್ಸ್ ಕೈಯಲ್ಲಿ 111-58 ಸೋತರು. ಅದರೊಂದಿಗೆ ಲೆಕ್ಕ 14 ಗೆಲುವು, 14 ಸೋಲು.

ಆ ರಾತ್ರಿ ವಿಲ್ಸನ್ ಜೊತೆಗಾರ್ತಿಯರಿಗೆಲ್ಲ ಒಂದು ಮೆಸೇಜ್ ಕಳಿಸಿದ ವಿಷಯ ಬಹಳ ಸುದ್ದಿಯಾಯಿತು. ನಾಚಿಕೆ ಅನ್ನಿಸದವರು ನಾಳೆ ಬರಲೇಬೇಡಿ ಅನ್ನುವ ಅರ್ಥದ ಮೆಸೇಜ್. ಮರುದಿನವೇ ಗೋಲ್ಡನ್ ಸ್ಟೇಟ್ ವಾಲ್ಕಿರೀಸ್ ಜೊತೆ ಪಂದ್ಯ ಇತ್ತು, ಗೆದ್ದರು. ಆಮೇಲೆ ಸೀಸನ್ ಮುಗಿಯುವವರೆಗೆ ಒಂದನ್ನೂ ಸೋಲಲಿಲ್ಲ. ಸತತ 16 ಗೆಲುವು, 30-14ಕ್ಕೆ ಮುಕ್ತಾಯ. ಸೆಪ್ಟೆಂಬರ್‌ನಲ್ಲಿ ಅದೇ ಲಿಂಕ್ಸ್ ತಂಡವನ್ನೂ ಸೋಲಿಸಿದರು. ಈ ಕತೆ ಹೇಳುವವರು ಹೆಚ್ಚಾಗಿ ಮೆಸೇಜ್ ಹತ್ತಿರವೇ ನಿಂತುಬಿಡುತ್ತಾರೆ. ನಾಯಕಿ ಬೈದಳು, ಎಲ್ಲರ ರಕ್ತ ಕುದಿಯಿತು, ಗೆದ್ದರು. ನಾನು ಇದನ್ನು ನಂಬುವುದಿಲ್ಲ. ಮುಂಬೈಯ ಮಾಟುಂಗಾದಲ್ಲಿ ಹುಡುಗಿಯರಿಗೆ ಕಲಿಸುವವಳಾಗಿ ಹೇಳುತ್ತೇನೆ, ಬೈಗುಳ ಒಂದು ಪಂದ್ಯ ಗೆಲ್ಲಿಸಬಹುದು, ಹದಿನಾರನ್ನು ಗೆಲ್ಲಿಸುವುದಿಲ್ಲ. ಹದಿನಾರು ಗೆಲ್ಲಬೇಕಾದರೆ ಪ್ರತಿಯೊಬ್ಬರಿಗೂ ತನ್ನ ಕೆಲಸ ಏನು ಅಂತ ಗೊತ್ತಿರಬೇಕು.

ಈಗ ಮುಖ್ಯ ವಿಷಯ. ಸೀಸನ್ನಿನ ನಡುವೆ ಕೋಚ್ ಬೆಕಿ ಹ್ಯಾಮನ್ ತಂಡವನ್ನು ಎರಡು ಕಡೆ ತಿದ್ದಿದರು.

ಒಂದು, ಜೂನ್ ಕೊನೆಯಲ್ಲಿ ಡಲ್ಲಾಸ್ ತಂಡದಿಂದ ನಲಿಸ್ಸಾ ಸ್ಮಿತ್ ಅವರನ್ನು ತಂದರು. 2022ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರ್ತಿಯರನ್ನು ಆರಿಸುವಾಗ, ಎರಡನೆಯವರಾಗಿ ಆಯ್ಕೆಯಾದ ಹುಡುಗಿ, ಆದರೆ ಇಂಡಿಯಾನಾದಿಂದ ಡಲ್ಲಾಸ್‌ಗೆ, ಡಲ್ಲಾಸ್‌ನಿಂದ ವೇಗಸ್‌ಗೆ ಅಂತ ಕೈ ಬದಲಾಗುತ್ತ ಬಂದವರು. ಇಲ್ಲಿ ಅವರಿಗೆ ವಿಲ್ಸನ್ ಪಕ್ಕದಲ್ಲಿ ನಿಂತು ರಿಬೌಂಡ್ (ಗುರಿ ತಪ್ಪಿ ಪುಟಿದು ಬಂದ ಚೆಂಡು) ಹಿಡಿಯುವ, ಎದುರಾಳಿಯ ದೊಡ್ಡ ಆಟಗಾರ್ತಿಗೆ ಮೈ ಕೊಟ್ಟು ನಿಲ್ಲುವ ಕೆಲಸ ಸಿಕ್ಕಿತು. ಅದರಿಂದ ವಿಲ್ಸನ್‌ಗೆ ಉಸಿರಾಡಲು ಜಾಗ ಆಯಿತು.

ಎರಡನೆಯದನ್ನು ನಿಮ್ಮ ಮಗಳು ಸರಿಯಾಗಿ ನೋಡಬೇಕು. ಜುವೆಲ್ ಲಾಯ್ಡ್ ಬೆಂಚಿಗೆ ಹೋದರು. ಇವರು ಯಾರು ಅಂತ ಒಮ್ಮೆ ನೆನಪಿಸಿ. 2015ರ ಡ್ರಾಫ್ಟ್‌ನಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದವರು. ಸಿಯಾಟಲ್ ಜೊತೆ 2018 ಮತ್ತು 2020ರಲ್ಲಿ ಚಾಂಪಿಯನ್. ಎರಡು ಒಲಿಂಪಿಕ್ ಚಿನ್ನ. 2023ರಲ್ಲಿ ಇಡೀ ಲೀಗ್‌ನಲ್ಲಿ ಅತಿ ಹೆಚ್ಚು ಪಾಯಿಂಟ್ ಗಳಿಸಿದವರು, ಪಂದ್ಯಕ್ಕೆ 24.7ರ ಸರಾಸರಿ. ಅಂಥವರು ಎದ್ದು ಬೆಂಚಿನಲ್ಲಿ ಕೂತರು, ಅವರ ಜಾಗದಲ್ಲಿ ಕಿಯರ್ಸ್ಟನ್ ಬೆಲ್ ಮೊದಲ ಐವರಲ್ಲಿ ಇಳಿಯತೊಡಗಿದರು. ಬೆಲ್ ಹೆಚ್ಚು ಪಾಯಿಂಟ್ ಗಳಿಸುವವರಲ್ಲ. ಪಾಯಿಂಟ್ ಪಟ್ಟಿ ನೋಡಿದವರಿಗೆ ಇದು ಅರ್ಥವೇ ಆಗುವುದಿಲ್ಲ. ಇಪ್ಪತ್ತು ಪಾಯಿಂಟ್ ಗಳಿಸಬಲ್ಲವರನ್ನು ಕೂರಿಸಿ ನಾಲ್ಕು ಪಾಯಿಂಟ್ ಗಳಿಸುವವರನ್ನು ಇಳಿಸುವುದೇ?

ಆದರೆ ಕೋರ್ಟಿನಲ್ಲಿ ಇರುವುದು ಒಂದೇ ಚೆಂಡು. ಮೊದಲ ಐವರಲ್ಲಿ ಆಗಲೇ ಚೆಲ್ಸೀ ಗ್ರೇ ಇದ್ದಾರೆ, ಆಟ ಕಟ್ಟುವುದು ಅವರು, ಚೆಂಡು ಅವರ ಕೈಯಲ್ಲಿರಬೇಕು. ಜಾಕಿ ಯಂಗ್ ಇದ್ದಾರೆ, ಅವರು ಚೆಂಡು ಹಿಡಿದು ಒಳಗೆ ನುಗ್ಗುವವರು. ವಿಲ್ಸನ್ ಸರಿಯೇ ಸರಿ. ಇವರ ನಡುವೆ ಲಾಯ್ಡ್ ಇದ್ದರೆ ಏನಾಗುತ್ತದೆ? ಮೂಲೆಯಲ್ಲಿ ಪಾಸ್‌ಗೆ ಕಾಯುತ್ತಾ ನಿಲ್ಲಬೇಕು. ಲಯ ಹಿಡಿದು ಹೊಡೆಯುವ ಶೂಟರ್‌ಗೆ ಐದು ನಿಮಿಷಕ್ಕೊಮ್ಮೆ ಚೆಂಡು ಸಿಕ್ಕರೆ ಕೈ ತಣ್ಣಗಾಗಿಬಿಡುತ್ತದೆ. ನಾಲ್ಕು ಜನ ಚೆಂಡು ಕೇಳುವವರು ಒಟ್ಟಿಗೆ ಇದ್ದರೆ ಐದನೆಯವರು ಸ್ಮಿತ್ ಒಬ್ಬರೇ ಎಲ್ಲ ಕೂಲಿ ಕೆಲಸ ಮಾಡಬೇಕು. ಬೆಲ್ ಇಳಿದರೆ ಅವರಿಗೆ ಚೆಂಡು ಬೇಡ. ಎದುರಾಳಿ ಗಾರ್ಡ್ ಹಿಂದೆ ಓಡುತ್ತಾರೆ, ಸ್ಕ್ರೀನ್ ಹಾಕುತ್ತಾರೆ (ಜೊತೆಗಾರ್ತಿಗೆ ದಾರಿಯಾಗಲಿ ಅಂತ ಎದುರಾಳಿಗೆ ಅಡ್ಡ ನಿಲ್ಲುತ್ತಾರೆ), ಖಾಲಿ ಸಿಕ್ಕರೆ ಒಂದು ಹೊಡೆಯುತ್ತಾರೆ. ಆರು ಏಳು ನಿಮಿಷ ಆದ ಮೇಲೆ ಎದುರಾಳಿಯ ಮೊದಲ ಐವರು ಸುಸ್ತಾಗಿ ಅವರ ಬೆಂಚ್ ಇಳಿಯುತ್ತದೆ. ಆಗ ಬರುತ್ತಾರೆ ಲಾಯ್ಡ್. ಈಗ ಚೆಂಡು ಅವರದ್ದು. ಎದುರಿಗಿರುವ ಡಿಫೆಂಡರ್ ಎರಡನೇ ಸಾಲಿನವರು. ಅದೇ ಲಾಯ್ಡ್, ಅದೇ ಕೈ, ಆದರೆ ಈಗ ಅದಕ್ಕೆ ಕೆಲಸ ಇದೆ.

ಲಾಯ್ಡ್ ತಕರಾರಿಲ್ಲದೆ ಇದನ್ನು ಒಪ್ಪಿಕೊಂಡರಲ್ಲ, ನನಗೆ ಈ ಇಡೀ ಸೀಸನ್ನಿನಲ್ಲಿ ಅತಿ ಹೆಚ್ಚು ಗೌರವ ಬಂದಿದ್ದು ಅದಕ್ಕೆ. ಫೈನಲ್‌ನಲ್ಲಿ ವಿಲ್ಸನ್ ಹಾಕಿದ ಕೊನೆ ಕ್ಷಣದ ಬಾಸ್ಕೆಟ್‌ಗಿಂತಲೂ ಅದಕ್ಕೆ.

ಪ್ಲೇಆಫ್ ಪೂರ್ತಿ ಹೇಳುತ್ತಾ ಕೂರುವುದಿಲ್ಲ, ನಿಮ್ಮ ಮಗಳಿಗೆ ಬಾಯಿಪಾಠ ಇರುತ್ತದೆ. ಎರಡು ಮೂರು ಕಡೆ ಮಾತ್ರ ಬೆರಳು ಇಡುತ್ತೇನೆ. ಮೊದಲ ಸುತ್ತಿನಲ್ಲೇ ಸಿಯಾಟಲ್ ಎದುರು ಮನೆಗೆ ಹೋಗುವುದರಲ್ಲಿದ್ದರು. ಮೂರನೇ ಪಂದ್ಯ 74-73. ವಿಲ್ಸನ್ 38 ಹೊಡೆದಿದ್ದರು ನಿಜ, ಆದರೆ ಕೊನೆಯಲ್ಲಿ ತಪ್ಪಿಹೋದ ಶಾಟ್‌ನ ರಿಬೌಂಡ್‌ಗೆ ಕೈ ಹಾಕಿ ಒಳಗೆ ತಳ್ಳಿದ್ದು ಜಾಕಿ ಯಂಗ್. ಸೆಮಿಫೈನಲ್‌ನಲ್ಲಿ ಇಂಡಿಯಾನಾ ಫೀವರ್ ಐದನೇ ಪಂದ್ಯದವರೆಗೆ ಎಳೆಯಿತು, ಓವರ್‌ಟೈಮ್‌ನಲ್ಲಿ 107-98. ಫೀವರ್ ಬಗ್ಗೆಯೂ ಒಂದು ಮಾತು. ಅವರ ದೊಡ್ಡ ತಾರೆ ಕೇಟ್ಲಿನ್ ಕ್ಲಾರ್ಕ್ ಗಾಯದಿಂದ ಆ ಸೀಸನ್ನಿನಲ್ಲಿ 13 ಪಂದ್ಯ ಮಾತ್ರ ಆಡಿದರು. ಒಬ್ಬರ ಹಿಂದೆ ಒಬ್ಬರು ಗಾಯಗೊಂಡು, ನಡುವೆ ತಾತ್ಕಾಲಿಕ ಕರಾರಿನ ಮೇಲೆ ಹೊಸಬರನ್ನು ಸೇರಿಸಿಕೊಂಡು ಆ ತಂಡ ಸೆಮಿಫೈನಲ್‌ನ ಕೊನೆ ಪಂದ್ಯದ ಓವರ್‌ಟೈಮ್‌ವರೆಗೆ ಹೋಯಿತು. ಸೀಸನ್ ಶುರುವಾದಾಗ ಯಾರ ಲೆಕ್ಕದಲ್ಲೂ ಇರದ ಹುಡುಗಿಯರು ಅವರು.

ಫೈನಲ್ ಫೀನಿಕ್ಸ್ ಮರ್ಕ್ಯುರಿ ಜೊತೆ. ಮೊದಲ ಪಂದ್ಯ 89-86. ಇದರ ಸ್ಕೋರ್ ಪಟ್ಟಿ ತೆಗೆದು ಮಗಳ ಮುಂದೆ ಇಡಿ. ವಿಲ್ಸನ್ 21. ಬೆಂಚಿನಿಂದ ಬಂದ ಡೇನಾ ಇವಾನ್ಸ್ ಕೂಡ 21. ಬೆಂಚಿನಿಂದ ಬಂದ ಲಾಯ್ಡ್ 18. ಮೂರು ಪಾಯಿಂಟ್‌ನಿಂದ ಗೆದ್ದ ಪಂದ್ಯದಲ್ಲಿ ಬೆಂಚಿನ ಇಬ್ಬರೇ 39. 'ಬೆಂಚಿನಿಂದ ಬರುವವರಿಗೆ ಬೆಲೆ ಇದೆಯಾ' ಅಂತ ಕೇಳಿದಿರಲ್ಲ, ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ. ಮೂರನೇ ಪಂದ್ಯದಲ್ಲಿ ಇನ್ನು 0.3 ಸೆಕೆಂಡ್ ಉಳಿದಿದ್ದಾಗ ವಿಲ್ಸನ್ ಹೊಡೆದ ಬಾಸ್ಕೆಟ್‌ನಿಂದ 90-88. ನಾಲ್ಕನೆಯದೂ ಗೆದ್ದು 4-0. ನಮ್ಮ ಲೆಕ್ಕಕ್ಕೆ ಅದು ಅಕ್ಟೋಬರ್ 11ರ ಬೆಳಿಗ್ಗೆ. ಇನ್ನೊಂದು ಕಡೆ, ಏಸಸ್ ತಂಡವನ್ನು 53ರಿಂದ ಬಡಿದ, 34-10ರ ಲೆಕ್ಕದಲ್ಲಿ ಲೀಗ್‌ನ ಮೊದಲ ಸ್ಥಾನದಲ್ಲಿ ನಿಂತ ಲಿಂಕ್ಸ್ ಫೈನಲ್‌ಗೇ ಬರಲಿಲ್ಲ. ಸೆಮಿಫೈನಲ್‌ನಲ್ಲಿ ಫೀನಿಕ್ಸ್ ಎದುರು 3-1 ಸೋತರು, ನಡುವೆ ಅವರ ಮುಖ್ಯ ಆಟಗಾರ್ತಿ ನಫೀಸಾ ಕಾಲಿಯರ್ ಅವರ ಕಾಲಿಗೆ ಗಾಯವಾಯಿತು. ಆಗಸ್ಟ್‌ನಲ್ಲಿ ಯಾರು ಮೇಲೆ ಯಾರು ಕೆಳಗೆ ಅನ್ನುವುದು ಅಕ್ಟೋಬರ್‌ನಲ್ಲಿ ಉಳಿಯಲಿಲ್ಲ.

ಹ್ಯಾಮನ್ ಈ ಕೆಲಸ ಧೈರ್ಯವಾಗಿ ಮಾಡಿದ್ದಕ್ಕೆ ಅವರ ಹಿನ್ನೆಲೆಯೂ ಕಾರಣ ಅಂತ ನನ್ನ ಅಂದಾಜು. 1999ರಲ್ಲಿ ಅವರನ್ನು ಯಾವ ತಂಡವೂ ಡ್ರಾಫ್ಟ್‌ನಲ್ಲಿ ಆರಿಸಲಿಲ್ಲ. ಹಾಗೆ ಬಾಗಿಲ ಹೊರಗಿನಿಂದ ಬಂದು ದೊಡ್ಡ ಆಟಗಾರ್ತಿಯಾದರು. 2014ರಲ್ಲಿ ಪುರುಷರ ಎನ್‌ಬಿಎಯ ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡಕ್ಕೆ ಸಹಾಯಕ ಕೋಚ್ ಆದರು. ಆ ತಂಡದಲ್ಲಿ ಮನು ಜಿನೋಬಿಲಿ ಇದ್ದರು, ಅರ್ಜೆಂಟೀನಾಕ್ಕೆ ಒಲಿಂಪಿಕ್ ಚಿನ್ನ ಗೆಲ್ಲಿಸಿಕೊಟ್ಟವರು, ಯಾವ ತಂಡದಲ್ಲಾದರೂ ಮೊದಲ ಐವರಲ್ಲಿ ಇರಬಹುದಾಗಿದ್ದವರು. ಸ್ಪರ್ಸ್‌ನಲ್ಲಿ ಅವರು ಬಹುಪಾಲು ಬೆಂಚಿನಿಂದಲೇ ಬಂದರು, ನಾಲ್ಕು ಸಲ ಚಾಂಪಿಯನ್ ಆದರು. ಅದನ್ನು ಹತ್ತಿರದಿಂದ ಕಂಡವರಿಗೆ ಯಾರು ಮೊದಲು ಇಳಿಯುತ್ತಾರೆ ಅನ್ನುವುದು ಅಷ್ಟು ದೊಡ್ಡ ವಿಷಯ ಆಗಿರುವುದಿಲ್ಲ.

ಈಗ ನಮ್ಮ ಕಡೆಗೆ ಬರೋಣ. ನಿಮ್ಮ ಮಗಳಿಗೆ ಬೆಂಚು ಇಷ್ಟು ನೋವು ಕೊಡುವುದಕ್ಕೆ ಅವಳ ಸ್ವಭಾವ ಕಾರಣ ಅಂತ ಅಂದುಕೊಳ್ಳಬೇಡಿ. ನಾವು ಮಕ್ಕಳನ್ನು ಆಡಿಸುವ ರೀತಿ ಕಾರಣ. ನಮ್ಮಲ್ಲಿ ಸೀಸನ್ ಅನ್ನುವುದೇ ಇಲ್ಲ. ಶಾಲೆ ಮಕ್ಕಳ ಡಿಎಸ್ಓ (ಜಿಲ್ಲಾ ಕ್ರೀಡಾ ಕಚೇರಿಯ) ಪಂದ್ಯಗಳು ಮುಂಬೈಯಲ್ಲೂ ಪುಣೆಯಲ್ಲೂ ಹೆಚ್ಚಾಗಿ ನಾಕೌಟ್. ಮಳೆಗಾಲದಲ್ಲಿ ಸಿಮೆಂಟ್ ಕೋರ್ಟ್ ಒಣಗುವುದನ್ನೇ ಕಾದು ಕಾದು ಅಭ್ಯಾಸ ಮಾಡಿರುತ್ತಾರೆ, ಒಂದು ಬೆಳಿಗ್ಗೆ ಹೋಗಿ ಒಂದು ಪಂದ್ಯ ಸೋತರೆ ಆ ವರ್ಷದ ಆಟವೇ ಮುಗಿಯಿತು. ಹೀಗಿದ್ದಾಗ ಕೋಚ್ ಬೇರೆ ಏನನ್ನೂ ಪ್ರಯತ್ನಿಸಿ ನೋಡುವುದಿಲ್ಲ. ಚೆನ್ನಾಗಿ ಆಡುವ ಐದು ಹುಡುಗಿಯರನ್ನು ಪೂರ್ತಿ ಹೊತ್ತು ಆಡಿಸುತ್ತಾರೆ. ಬೆಂಚಿನಲ್ಲಿರುವವರು ನೀರಿನ ಬಾಟಲಿ ಹಿಡಿದು ಚಪ್ಪಾಳೆ ತಟ್ಟುತ್ತಾರೆ. ಆದ್ದರಿಂದ ಬೆಂಚು ಅಂದರೆ ಆಟ ಇಲ್ಲ ಅಂತಲೇ ನಮ್ಮ ಮಕ್ಕಳ ತಲೆಯಲ್ಲಿ ಕೂತಿದೆ. 53ರಿಂದ ಸೋತು ಮರುದಿನ ಮತ್ತೆ ಶೂ ಹಾಕಿಕೊಂಡು ಆಡುವ ಅವಕಾಶ ಅವರಿಗೆ ಸಿಕ್ಕೇ ಇಲ್ಲ. ಆ ಅವಕಾಶ ಇದ್ದಿದ್ದರೆ ಎಷ್ಟೋ ಹುಡುಗಿಯರು ಹತ್ತನೇ ಕ್ಲಾಸಿಗೆ ಆಟ ಬಿಡುತ್ತಿರಲಿಲ್ಲ. ಕ್ಲಬ್‌ಗಳು ಎಂಟು ಹತ್ತು ವಾರ ನಡೆಯುವ ಒಂದು ಚಿಕ್ಕ ಲೀಗ್ ಮಾಡಲಿ, ವಾರಕ್ಕೊಂದು ಪಂದ್ಯ ಸಾಕು. ಖರ್ಚು ಜಾಸ್ತಿ ಇಲ್ಲ. ಒಂದು ಕೋರ್ಟ್, ಇಬ್ಬರು ರೆಫರಿ, ಒಂದು ಸ್ಕೋರ್ ಟೇಬಲ್. ಇದನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ, ನಿಮಗೂ ಹೇಳುತ್ತಿದ್ದೇನೆ. ಅವರಪ್ಪನಿಗೆ ಕೋಚ್ ಜೊತೆ ಮಾತಾಡುವ ಉತ್ಸಾಹ ಇದ್ದರೆ ಈ ವಿಷಯ ಮಾತಾಡಲಿ, ದಯವಿಟ್ಟು.

ಮಗಳು ಎಷ್ಟು ನಿಮಿಷ ಆಡುತ್ತಾಳೆ ಅನ್ನುವ ವಿಷಯ ಮಾತ್ರ ಅಪ್ಪ ಎತ್ತಬಾರದು. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಅಪ್ಪ ಹೋಗಿ ಜಗಳ ಮಾಡಿ ಅವಳನ್ನು ಮೊದಲ ಐವರಲ್ಲಿ ಇಳಿಸಿದರು ಅಂತಲೇ ಇಟ್ಟುಕೊಳ್ಳಿ. ಉಳಿದ ಹನ್ನೊಂದು ಹುಡುಗಿಯರಿಗೆ ಅದು ಗೊತ್ತಾಗುತ್ತದೆ. ಆಮೇಲೆ ಅವಳಿಗೆ ಯಾರು ಪಾಸ್ ಕೊಡುತ್ತಾರೆ ಹೇಳಿ. ಹೋಗಬೇಕಾದವಳು ಅವಳೇ. ಅಭ್ಯಾಸ ಮುಗಿದ ಮೇಲೆ, ಪಂದ್ಯದ ದಿನ ಅಲ್ಲ, ಕೋಚ್ ಹತ್ತಿರ ಹೋಗಿ 'ನಾನು ಇಳಿದಾಗ ನನ್ನಿಂದ ಏನು ಬೇಕು' ಅಂತ ಕೇಳಲಿ. 'ನನ್ನನ್ನು ಯಾಕೆ ತೆಗೆದಿರಿ' ಅಂತ ಅಲ್ಲ. ಮೊದಲ ಪ್ರಶ್ನೆಗೆ ಕೋಚ್ ಕೆಲಸ ಹೇಳುತ್ತಾರೆ. ಎರಡನೆಯದಕ್ಕೆ ನೆಪ ಹೇಳುತ್ತಾರೆ.

ಕೋಚ್ ಬಳಿ ಉತ್ತರ ಇಲ್ಲದಿದ್ದರೆ? ಹಾಗೂ ಇರುತ್ತದೆ. ಹದಿನೈದು ವರ್ಷದ ಹುಡುಗಿಯನ್ನು ಒಂದು ಮಾತೂ ಹೇಳದೆ ಬೆಂಚಿಗೆ ಕಳಿಸುವ ಕೋಚ್‌ಗಳನ್ನು ನಾನು ಬಹಳ ಕಂಡಿದ್ದೇನೆ, ಅದು ನನಗೆ ಸಿಟ್ಟು ತರಿಸುತ್ತದೆ. ಒಲಿಂಪಿಕ್ ಚಿನ್ನ ಗೆದ್ದ ಲಾಯ್ಡ್‌ಗೇ ಬೆಂಚಿನಿಂದ ಬಂದು ಏನು ಮಾಡಬೇಕು ಅಂತ ಸ್ಪಷ್ಟ ಇರಬೇಕಾದರೆ ಮಕ್ಕಳಿಗೆ ಇನ್ನೆಷ್ಟು ಬೇಕು! ಎರಡು ಮೂರು ಸಲ ಕೇಳಿದರೂ ಅವಳಿಗೆ ಒಂದು ಕೆಲಸ ಸಿಗದಿದ್ದರೆ, ಆಗ ನೀವು ತಾಯಿಯಾಗಿ ಹೋಗಿ ಇಷ್ಟನ್ನು ಮಾತ್ರ ಕೇಳಿ: ಇವಳು ಏನು ಕಲಿಯಬೇಕು ಅಂತ ನಿಮ್ಮ ಅಭಿಪ್ರಾಯ?

ಆದರೆ ನಿಮ್ಮ ಪತ್ರದಲ್ಲಿ ಒಂದು ಸಾಲು ನನಗೆ ಭರವಸೆ ಕೊಟ್ಟಿತು. 'ಆಟ ಶುರುವಾಗಿ ಸ್ವಲ್ಪ ಹೊತ್ತಾದ ಮೇಲೆ ಇಳಿಸುತ್ತಾರೆ' ಅಂದಿದ್ದೀರಿ. ಹಾಗಾದರೆ ಅವಳು ಬರೀ ಕೂತಿಲ್ಲ. ಒಂದು ಪಂದ್ಯ ಅಂದರೆ 40 ನಿಮಿಷ, ಐದು ಜನ, ಒಟ್ಟು 200 ನಿಮಿಷ ಹಂಚುವುದಕ್ಕೆ ಇದೆ. ಮೊದಲ ಐವರು ತಲಾ 30 ನಿಮಿಷ ಆಡಿದರೂ 50 ನಿಮಿಷ ಉಳಿಯುತ್ತದೆ. ಅದರಲ್ಲಿ ಮೊದಲು ಇಳಿಯುವ ಹುಡುಗಿಗೆ 20 ನಿಮಿಷ ಸಿಗಬಹುದು. ನಮ್ಮಲ್ಲಿ ಐದು ಫೌಲ್‌ಗೆ ಆಟದಿಂದ ಹೊರಗೆ, ಅಮೆರಿಕದ ಲೀಗ್‌ನಲ್ಲಿ ಆರು. ಆದ್ದರಿಂದ ಮೊದಲ ಐವರಲ್ಲಿ ಒಬ್ಬಳು ಶುರುವಿನಲ್ಲೇ ಎರಡು ಫೌಲ್ ಮಾಡಿದರೆ ಕೋಚ್ ತಕ್ಷಣ ಅವಳನ್ನು ಕರೆದು ಕೂರಿಸಲೇಬೇಕು. ಅಂಥ ಹೊತ್ತಿಗೆ ಇಳಿಸುವುದಕ್ಕೆ ಕೋಚ್ ಯಾರನ್ನು ನಂಬುತ್ತಾರೋ ಅವಳು ತಂಡದ ಕೊನೆಯವಳಲ್ಲ. ಆಟ ಮುಗಿಯುವ ಕೊನೆಯ ಮೂರು ನಿಮಿಷ ಯಾರು ಕೋರ್ಟಿನಲ್ಲಿ ಇರುತ್ತಾರೆ ಅಂತ ನೋಡಿ. ಮೊದಲ ಐವರಿಗಿಂತ ಕೊನೆಯ ಐವರ ಹೆಸರು ಮುಖ್ಯ, ಯಾವ ಕೋಚ್‌ನನ್ನು ಬೇಕಾದರೂ ಕೇಳಿ.

ಬೆಂಚಿನಲ್ಲಿ ಕೂತಾಗ ಅವಳು ಏನು ಮಾಡಬೇಕು ಅಂತಲೂ ಹೇಳುತ್ತೇನೆ. ಮೊಬೈಲ್ ಇಲ್ಲ, ಪಕ್ಕದವಳ ಜೊತೆ ಹರಟೆ ಇಲ್ಲ. ಎದುರಾಳಿ ತಂಡದಲ್ಲಿ ತಾನು ಯಾರನ್ನು ಹಿಡಿಯಬೇಕಾಗುತ್ತದೆ ಅಂತ ಗುರುತಿಸಿ ಅವಳನ್ನೇ ನೋಡಬೇಕು. ಎಡಗೈಯಲ್ಲಿ ಡ್ರಿಬಲ್ ಮಾಡುತ್ತಾಳಾ? ಸುಸ್ತಾದಾಗ ಬಾಕ್ಸ್ ಔಟ್ (ರಿಬೌಂಡ್‌ಗೆ ಎದುರಾಳಿಯನ್ನು ಬೆನ್ನಿನಿಂದ ತಡೆಯುವುದು) ಬಿಟ್ಟುಬಿಡುತ್ತಾಳಾ? ರೆಫರಿ ಕೈ ತಾಗಿದ್ದಕ್ಕೆಲ್ಲ ಸೀಟಿ ಊದುತ್ತಿದ್ದಾರಾ? ಕ್ವಾರ್ಟರ್ ನಡುವೆ ಎದ್ದು ಮೈ ಬಿಸಿ ಇಟ್ಟುಕೊಳ್ಳಬೇಕು. ಇಳಿದ ಮೇಲಿನ ಮೊದಲ ಎರಡು ನಿಮಿಷದಲ್ಲಿ ಮೂರು ಪಾಯಿಂಟ್ ಲೈನಿಂದ ಹೊಡೆದು ತನ್ನನ್ನು ತೋರಿಸಿಕೊಳ್ಳುವ ಆಸೆ ಬರುತ್ತದೆ. ಅದನ್ನು ತಡೆದು, ಮೊದಲು ಒಂದು ರಿಬೌಂಡ್, ಒಂದು ಗಟ್ಟಿ ಡಿಫೆನ್ಸ್, ಒಂದು ಸರಿಯಾದ ಪಾಸ್. ಆಮೇಲೆ ಶಾಟ್ ತಾನಾಗಿ ಬರುತ್ತದೆ. ಗ್ಯಾಲರಿಯಲ್ಲಿ ಕೂತ ನೀವೂ ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿ. ಪಾಯಿಂಟ್ ಬರೆಯಬೇಡಿ. ಅವಳು ಇಳಿದಾಗ ಸ್ಕೋರ್ ಎಷ್ಟಿತ್ತು, ಹೊರಗೆ ಬಂದಾಗ ಎಷ್ಟಾಯಿತು, ಅಷ್ಟೇ ಬರೆಯಿರಿ. ನಾಲ್ಕೈದು ಪಂದ್ಯ ಆದ ಮೇಲೆ ಇಬ್ಬರೂ ಕೂತು ಓದಿ. ತಾನು ಇದ್ದಾಗ ತಂಡ ಮೇಲೆ ಹೋಗುತ್ತಿದೆ ಅಂತ ಅವಳಿಗೆ ಕಣ್ಣಿಗೆ ಕಂಡರೆ ಮನೆಯಲ್ಲಿ ಮಾತು ತಾನಾಗಿ ಶುರುವಾಗುತ್ತದೆ.

ಇನ್ನು ಮುಂದಿನ ದಾರಿ. ಆಸೆ ತೋರಿಸಿ ಮೋಸ ಮಾಡಲಾರೆ. 13 ತಂಡ, ತಂಡಕ್ಕೆ ಹೆಚ್ಚೆಂದರೆ 12 ಜನ, ಅಂದರೆ 2025ರಲ್ಲಿ ಡಬ್ಲ್ಯೂಎನ್‌ಬಿಎಯಲ್ಲಿ ಇದ್ದಿದ್ದು ಹೆಚ್ಚೆಂದರೆ 156 ಜಾಗ. ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಅಮೆರಿಕದ ಹುಡುಗಿಯರೇ ಎಷ್ಟೋ ಜನ ಸೀಸನ್ ಶುರುವಾಗುವ ಮೊದಲೇ ಹೊರಬೀಳುತ್ತಾರೆ. ಕೇರಳದ ಗೀತು ಅನ್ನಾ ಜೋಸ್ 2011ರಲ್ಲಿ ಅಲ್ಲಿಗೆ ಟ್ರಯಲ್ಸ್‌ಗೆ ಹೋಗಿದ್ದರು, ಮೂರು ತಂಡ ಕರೆದಿದ್ದವು. ಅದರಲ್ಲಿ ಒಂದು ಸ್ಯಾನ್ ಆಂಟೋನಿಯೊ. ಅದೇ ತಂಡ 2018ರಲ್ಲಿ ಊರು ಬದಲಿಸಿ ಲಾಸ್ ವೇಗಸ್ ಏಸಸ್ ಆಯಿತು, ನಿಮ್ಮ ಮಗಳಿಗೆ ಇದು ಖಂಡಿತ ಖುಷಿ ಕೊಡುತ್ತದೆ. ಆಗ ಹ್ಯಾಮನ್ ಅದೇ ತಂಡಕ್ಕೆ ಆಡುತ್ತಿದ್ದರು. ಗೀತು ಅವರಿಗೆ ಜಾಗ ಸಿಗಲಿಲ್ಲ, ಆದರೆ ಆ ಬಾಗಿಲವರೆಗೆ ನಮ್ಮವರೊಬ್ಬರು ಹೋಗಿ ಬಂದಿದ್ದಾರೆ.

ಹಣದ ವಿಷಯವೂ ತಿಳಿದಿರಲಿ. 2025ರಲ್ಲಿ ಅಲ್ಲಿನ ಕನಿಷ್ಠ ಸಂಬಳ ವರ್ಷಕ್ಕೆ ಸುಮಾರು 66 ಸಾವಿರ ಡಾಲರ್, ಗರಿಷ್ಠ ಸುಮಾರು 2 ಲಕ್ಷ 49 ಸಾವಿರ. ಸಾಲದು ಅಂತ ಆಟಗಾರ್ತಿಯರೇ ಹೋರಾಡಿದರು. ಜುಲೈನ ಆಲ್‌ಸ್ಟಾರ್ ಪಂದ್ಯಕ್ಕೆ ಮುಂಚೆ, ನಮಗೆ ಕೊಡಬೇಕಾದ್ದನ್ನು ಕೊಡಿ ಅಂತ ಬರೆದ ಟೀ ಶರ್ಟ್ ಹಾಕಿಕೊಂಡು ಕೋರ್ಟಿಗೆ ಬಂದರು. ಎಷ್ಟೋ ಜನ ಚಳಿಗಾಲದಲ್ಲಿ ಬೇರೆ ದೇಶಗಳಿಗೆ ಹೋಗಿ ಆಡಿ ಸಂಪಾದಿಸುತ್ತಾರೆ.

ನಮ್ಮ ದೇಶದಲ್ಲಿ ಹುಡುಗಿಯರಿಗೆ ಆಟ ಅನ್ನ ಕೊಡುವುದು ಹೆಚ್ಚಾಗಿ ರೈಲ್ವೆ ಮತ್ತು ಪೊಲೀಸ್ ನೌಕರಿಯ ಮೂಲಕ. ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ರೈಲ್ವೆ ತಂಡ ವರ್ಷಗಳಿಂದ ಬಲಿಷ್ಠ. ನಿಮ್ಮ ಪುಣೆಯವರೇ ಆದ ಶಿರೀನ್ ಲಿಮಯೆ ಭಾರತ ತಂಡದ ನಾಯಕಿಯಾದವರು. 2017ರಲ್ಲಿ ಬೆಂಗಳೂರಿನ ಕಂಠೀರವದಲ್ಲಿ ನಡೆದ ಏಷ್ಯಾ ಕಪ್ ಬಿ ಡಿವಿಷನ್ ಫೈನಲ್‌ನಲ್ಲಿ ಕಜಕಸ್ತಾನವನ್ನು 75-73ರಿಂದ ಸೋಲಿಸಿ ನಮ್ಮ ಹುಡುಗಿಯರು ಮೇಲಿನ ಡಿವಿಷನ್‌ಗೆ ಹೋದರು, ಅದರಲ್ಲೂ ಶಿರೀನ್ ಇದ್ದರು. ಆ ಪಂದ್ಯ ಎಲ್ಲಾದರೂ ಸಿಕ್ಕರೆ ಮಗಳಿಗೆ ತೋರಿಸಿ, ವೇಗಸ್‌ಗಿಂತ ಹತ್ತಿರದ್ದು. ಓದಿನ ಜೊತೆ ಆಡುವ ದಾರಿಯೂ ಇದೆ. ಬೆಂಗಳೂರಿನ ಸಂಜನಾ ರಮೇಶ್ ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ತಂಡಕ್ಕೆ ಆಡಿದರು, ಭಾರತಕ್ಕೂ ಆಡಿದರು. ಅದಕ್ಕೆ ಮಾರ್ಕ್ಸ್ ಬೇಕು, ಇಂಗ್ಲಿಷ್ ಬೇಕು, ಪಂದ್ಯದ ಒಳ್ಳೆಯ ವಿಡಿಯೊ ಬೇಕು. ವಿಡಿಯೊ ಈಗಿನಿಂದಲೇ ತೆಗೆದಿಡಿ, ಪೂರ್ತಿ ಪಂದ್ಯ, ಬರೀ ಬಾಸ್ಕೆಟ್ ಹಾಕಿದ ತುಣುಕುಗಳಲ್ಲ. ಅಲ್ಲಿನ ಕೋಚ್‌ಗಳು ಚೆಂಡು ಇಲ್ಲದಾಗ ಹುಡುಗಿ ಏನು ಮಾಡುತ್ತಾಳೆ ಅಂತ ನೋಡುತ್ತಾರೆ.

ಏಸಸ್ ಪಂದ್ಯ ನೋಡುವ ವಿಷಯದಲ್ಲಿ ಒಂದು ಅನುಕೂಲ ಇದೆ. ವೇಗಸ್‌ನಲ್ಲಿ ಸಂಜೆ 7ಕ್ಕೆ ಶುರುವಾದರೆ ನಮಗೆ ಮರುದಿನ ಬೆಳಿಗ್ಗೆ 7.30, ನಿದ್ದೆಗೆಡಬೇಕಿಲ್ಲ. ಇಂಡಿಯಾನಾ, ನ್ಯೂಯಾರ್ಕ್ ಕಡೆಯ ಸಂಜೆ 7ರ ಪಂದ್ಯಗಳು ನಮಗೆ ಬೆಳಗಿನ ಜಾವ 4.30ಕ್ಕೆ. ಶಾಲೆ ಇರುವ ದಿನ ಅದನ್ನು ಬಿಡಲಿ, ಸಂಜೆ ತುಣುಕು ನೋಡಿದರೆ ಸಾಕು. ಈ ವಾರ 2025ರ ಫೈನಲ್‌ನ ಮೊದಲ ಪಂದ್ಯವನ್ನು ಅವಳ ಜೊತೆ ನೀವೂ, ಅವರಪ್ಪನೂ ಕೂತು ನೋಡಿ. ಲಾಯ್ಡ್ ಬೆಂಚಿನಿಂದ ಎದ್ದಾಗ ಸ್ಕೋರ್ ಬರೆದುಕೊಳ್ಳಿ, ಅವರು ಹೊರಗೆ ಬಂದಾಗ ಇನ್ನೊಮ್ಮೆ ಬರೆದುಕೊಳ್ಳಿ. ಅದಾದ ಮೇಲೆ ಅವಳು ಕೋಚ್ ಹತ್ತಿರ ಹೋಗಿ ತನ್ನ ಪ್ರಶ್ನೆ ಕೇಳಲಿ. ಅವರು ಏನು ಹೇಳಿದರು ಅಂತ ನನಗೆ ಬರೆಯಿರಿ, ಅವಳ ಎತ್ತರ ಎಷ್ಟು, ಗಾರ್ಡ್ ಆಡುತ್ತಾಳೋ ಫಾರ್ವರ್ಡ್ ಆಡುತ್ತಾಳೋ ಅದನ್ನೂ ಬರೆಯಿರಿ. ಆ ಕೆಲಸಕ್ಕೆ ತಕ್ಕ ಅಭ್ಯಾಸ ಏನು ಮಾಡಬೇಕು ಅಂತ ಹೇಳುತ್ತೇನೆ.